ಒಲಿಂಪಿಯಾದ ಆಟ, ಪ್ಯಾರಿಸ್ಸಿನ ಕನಸು: ಇಂದಿನ ಕ್ರೀಡೆಗೆ ಗ್ರೀಸ್ ನಿಜವಾಗಿ ಕೊಟ್ಟದ್ದೇನು?

ಗ್ರೀಸಿನ ಡೆಲ್ಫಿಯಲ್ಲಿ, ಬೆಟ್ಟದ ಇಳಿಜಾರಿನಲ್ಲಿರುವ ಪುರಾತನ ಕ್ರೀಡಾಂಗಣದೊಳಗೆ, ಬಹುಕಾಲ ಒಂದು ಕಲ್ಲು ಬಿದ್ದಿತ್ತು. ಅದರ ಮೇಲೆ ಒಂದಕ್ಕೊಂದು ಹೆಣೆದುಕೊಂಡ ಐದು ಬಳೆಗಳ ಕೆತ್ತನೆ. 1960ರ ದಶಕದಲ್ಲಿ ಅದನ್ನು ಕಂಡ ಲೇಖಕರು ಒಲಿಂಪಿಕ್ ಲಾಂಛನಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆ ಎಂದು ಬರೆದುಬಿಟ್ಟರು. ಆ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟಿತು. ನಡೆದದ್ದೇ ಬೇರೆ. ಐದು ಬಳೆಗಳ ಲಾಂಛನವನ್ನು ರೂಪಿಸಿದವರು ಆಧುನಿಕ ಒಲಿಂಪಿಕ್ಸ್‌ನ ಸಂಘಟಕ, ಫ್ರಾನ್ಸಿನ ಪಿಯರ್ ಡಿ ಕೂಬರ್ಟಿನ್, ಅದೂ 1913ರಲ್ಲಿ. ಆ ಕಲ್ಲನ್ನು ಕೆತ್ತಿಸಿದ್ದು 1936ರಲ್ಲಿ. ಬರ್ಲಿನ್ ಒಲಿಂಪಿಕ್ಸ್‌ನ ಜ್ಯೋತಿ ಡೆಲ್ಫಿಯನ್ನು ಹಾದುಹೋಗುವಾಗ ಏರ್ಪಡಿಸಿದ್ದ ಸಮಾರಂಭದ ಅಲಂಕಾರಕ್ಕೆಂದು. ಸಮಾರಂಭ ಮುಗಿಯಿತು, ಕಲ್ಲು ಅಲ್ಲೇ ಉಳಿಯಿತು.

ಪ್ರಾಚೀನ ಗ್ರೀಸಿಗೂ ಇಂದಿನ ಕ್ರೀಡೆಗೂ ಇರುವ ನಂಟಿನ ಬಗ್ಗೆ ನಾವು ನಂಬಿಕೊಂಡು ಬಂದಿರುವ ಎಷ್ಟೋ ಸಂಗತಿಗಳು ಈ ಕಲ್ಲಿನ ಜಾತಿಗೇ ಸೇರಿದವು. ಮ್ಯಾರಥಾನ್, ಕ್ರೀಡಾಜ್ಯೋತಿಯ ಯಾತ್ರೆ, ಚಿನ್ನ-ಬೆಳ್ಳಿ-ಕಂಚು, ಹಣದ ಹಂಗಿಲ್ಲದ ಹವ್ಯಾಸಿ ಆಟಗಾರ, ಇವು ಯಾವುವೂ ಒಲಿಂಪಿಯಾದವಲ್ಲ. ಹಾಗೆಂದು ನಂಟೇ ಇಲ್ಲ ಎನ್ನುವಂತಿಲ್ಲ. ಅದು ಉದ್ಘಾಟನಾ ಸಮಾರಂಭದ ಬೆಳಕಿನಲ್ಲಿ ಕಾಣಿಸುವುದಿಲ್ಲ, ಅಷ್ಟೆ. ನಿಯಮಾವಳಿಯಲ್ಲಿ, ತೀರ್ಪುಗಾರರ ಮೇಜಿನ ಮೇಲೆ, ಶಿಸ್ತು ಸಮಿತಿಯ ಕಡತಗಳಲ್ಲಿ ಅದನ್ನು ಹುಡುಕಬೇಕು.

ಒಲಿಂಪಿಯಾ ಒಂದು ನಗರವಾಗಿರಲಿಲ್ಲ. ದಕ್ಷಿಣ ಗ್ರೀಸಿನ ಪೆಲೊಪೊನೀಸ್‌ನಲ್ಲಿ, ಆಲ್ಫಿಯೋಸ್ ಮತ್ತು ಕ್ಲಾಡಿಯೋಸ್ ನದಿಗಳು ಕೂಡುವಲ್ಲಿ ಇದ್ದ ಜ್ಯೂಸ್ ದೇವರ ಕ್ಷೇತ್ರ ಅದು. ಅದರ ಆಡಳಿತ ಹತ್ತಿರದ ಎಲಿಸ್ ಎಂಬ ಪುಟ್ಟ ರಾಜ್ಯದ್ದು. ನಾಲ್ಕು ವರ್ಷಕ್ಕೊಮ್ಮೆ, ಕಡುಬೇಸಿಗೆಯಲ್ಲಿ, ಜನ ಅಲ್ಲಿ ಸೇರುತ್ತಿದ್ದುದು ಮೊದಲಿಗೆ ದೇವರಿಗಾಗಿ. ನಮ್ಮ ಊರುಗಳ ಜಾತ್ರೆಯಲ್ಲಿ ತೇರು ಎಳೆದಾದ ಮೇಲೆ ಕುಸ್ತಿಯ ಕಣ ಸಿದ್ಧವಾಗುತ್ತದಲ್ಲ, ಅಲ್ಲಿಯ ಆಟಗಳೂ ಹಾಗೆಯೇ ಉತ್ಸವದ ಒಂದು ಅಂಗ. ಐದು ದಿನಗಳ ಕಾರ್ಯಕ್ರಮದ ನಟ್ಟನಡುವೆ ಜ್ಯೂಸ್‌ಗೆ ನೂರು ಎತ್ತುಗಳ ಬಲಿ ಸಲ್ಲುತ್ತಿತ್ತು. ಸುಟ್ಟ ಬಲಿಯ ಬೂದಿಯೇ ಶತಮಾನಗಳ ಕಾಲ ಗುಡ್ಡೆಯಾಗಿ ಬಲಿಪೀಠವಾಗಿತ್ತು. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪೌಸೇನಿಯಸ್ ಎಂಬ ಪ್ರವಾಸಿ ಅದರ ಎತ್ತರ 22 ಅಡಿ ಎಂದು ಬರೆದಿಟ್ಟಿದ್ದಾನೆ. ನಲವತ್ತು ಸಾವಿರದಷ್ಟು ಜನ ಹುಲ್ಲಿನ ಏರಿಯ ಮೇಲೆ ಕುಳಿತು ಆಟ ನೋಡುತ್ತಿದ್ದರು. ಕಲ್ಲಿನ ಆಸನಗಳು ತೀರ್ಪುಗಾರರಿಗೆ ಮಾತ್ರ. ಧಗೆ, ನೊಣ, ನೂಕುನುಗ್ಗಲು ಎಲ್ಲಕ್ಕೂ ಒಲಿಂಪಿಯಾ ಹೆಸರುವಾಸಿ. ಒಳ್ಳೆಯ ನೀರಿನ ವ್ಯವಸ್ಥೆ ಬಂದದ್ದೇ ರೋಮನ್ನರ ಕಾಲದಲ್ಲಿ, ಹೆರೋಡೆಸ್ ಅಟಿಕಸ್ ಎಂಬ ಸಿರಿವಂತನ ಕೊಡುಗೆಯಾಗಿ.

ಗ್ರೀಕರ ಲೆಕ್ಕದ ಪ್ರಕಾರ ಮೊದಲ ಕೂಟ ಕ್ರಿ.ಪೂ. 776ರದು. ಗೆದ್ದವನು ಎಲಿಸ್‌ನ ಕೊರೊಯ್ಬೋಸ್ ಎಂಬ ಅಡುಗೆಯವನು. ಸ್ಪರ್ಧೆಯೂ ಒಂದೇ: ಕ್ರೀಡಾಂಗಣದ ಈ ತುದಿಯಿಂದ ಆ ತುದಿಗೆ ಸುಮಾರು 192 ಮೀಟರ್ ಓಟ. ಆಮೇಲೆ ಇಮ್ಮಡಿ ದೂರದ ಓಟ, ದೀರ್ಘ ಓಟ, ಕುಸ್ತಿ, ಮುಷ್ಟಿಕಾಳಗ, ನಾಲ್ಕು ಕುದುರೆಗಳ ರಥದ ಓಟ ಒಂದೊಂದಾಗಿ ಸೇರಿದವು. ಡಿಸ್ಕಸ್ ಎಸೆತ, ಉದ್ದಜಿಗಿತ, ಭರ್ಜಿ ಎಸೆತ, ಓಟ, ಕುಸ್ತಿ ಕೂಡಿದ ಪೆಂಟಾಥ್ಲಾನ್ ಬಂತು. ಕ್ರಿ.ಪೂ. 648ರಲ್ಲಿ ಪ್ಯಾಂಕ್ರೇಷನ್ ಸೇರಿತು. ಕಚ್ಚುವುದು, ಕಣ್ಣಿಗೆ ಬೆರಳು ಹಾಕುವುದು ಬಿಟ್ಟರೆ ಉಳಿದೆಲ್ಲ ಹೊಡೆತಕ್ಕೂ ಹಿಡಿತಕ್ಕೂ ಅದರಲ್ಲಿ ಅವಕಾಶವಿತ್ತು. ಕ್ರಿ.ಪೂ. 564ರಲ್ಲಿ ಅರಿಕಿಯೋನ್ ಎಂಬ ಜಟ್ಟಿಯ ಕುತ್ತಿಗೆಯನ್ನು ಎದುರಾಳಿ ಹಿಸುಕುತ್ತಿದ್ದ. ಉಸಿರು ಹೋಗುವ ಹೊತ್ತಿನಲ್ಲಿ ಅರಿಕಿಯೋನ್ ಅವನ ಕಾಲ್ಬೆರಳನ್ನು ತಿರುಚಿದ. ನೋವು ತಾಳದೆ ಎದುರಾಳಿ ಸೋಲೊಪ್ಪಿಕೊಂಡ. ಗೆಲುವಿನ ಕಿರೀಟ ಸೇರಿದ್ದು ಹೆಣದ ತಲೆಗೆ.

ಒಲಿಂಪಿಯಾ ಒಂಟಿಯಲ್ಲ. ಡೆಲ್ಫಿಯಲ್ಲಿ ಅಪೊಲೊ ದೇವರಿಗೆ, ಕೊರಿಂತ್ ಬಳಿಯ ಇಸ್ತ್ಮಿಯಾದಲ್ಲಿ ಪೊಸೈಡನ್‌ಗೆ, ನೆಮಿಯಾದಲ್ಲಿ ಮತ್ತೆ ಜ್ಯೂಸ್‌ಗೆ ಇಂಥದೇ ಉತ್ಸವಗಳು ನಡೆಯುತ್ತಿದ್ದವು. ಡೆಲ್ಫಿಯದು ನಾಲ್ಕು ವರ್ಷಕ್ಕೊಮ್ಮೆ, ಉಳಿದೆರಡು ಎರಡು ವರ್ಷಕ್ಕೊಮ್ಮೆ. ಹೀಗಾಗಿ ದೊಡ್ಡ ಕೂಟವಿಲ್ಲದ ವರ್ಷವೇ ಇರುತ್ತಿರಲಿಲ್ಲ. ಆಟಗಾರರು ಒಂದು ಊರಿನಿಂದ ಇನ್ನೊಂದಕ್ಕೆ ಸಾಗುತ್ತ ನಾಲ್ಕನ್ನೂ ಗೆಲ್ಲಲು ಹೆಣಗುತ್ತಿದ್ದರು. ಇಂದಿನ ಟೆನಿಸ್ ಆಟಗಾರರಿಗೆ ಈ ಬದುಕು ಚೆನ್ನಾಗಿ ಅರ್ಥವಾದೀತು. ಮುಂಚೆಯೇ ನಿಗದಿಯಾದ ಪಂಚಾಂಗ, ಎಲ್ಲ ಊರಿನವರೂ ಒಪ್ಪಿದ ಒಂದೇ ನಿಯಮ, ಗೆದ್ದವರ ಹೆಸರಿನ ಪಟ್ಟಿ, ಈ ಮೂರನ್ನೂ ಸಾವಿರ ವರ್ಷ ಎಡೆಬಿಡದೆ ನಡೆಸಿಕೊಂಡು ಬಂದದ್ದು ನನ್ನ ದೃಷ್ಟಿಯಲ್ಲಿ ಯಾವ ಜ್ಯೋತಿಗಿಂತಲೂ ದೊಡ್ಡ ಸಾಧನೆ. ಊರೂರಿಗೂ ಬೇರೆ ಬೇರೆ ಪಂಚಾಂಗವಿದ್ದ ಗ್ರೀಸಿನಲ್ಲಿ ಇತಿಹಾಸಕಾರರು ಯುದ್ಧಗಳನ್ನೂ ರಾಜರ ಸಾವನ್ನೂ ‘ಇಷ್ಟನೆಯ ಒಲಿಂಪಿಯಾಡ್, ಓಟದಲ್ಲಿ ಇಂಥವನು ಗೆದ್ದ ವರ್ಷ’ ಎಂದು ಗುರುತಿಸುತ್ತಿದ್ದರು. ಒಂದು ಕೂಟದಿಂದ ಮುಂದಿನ ಕೂಟದವರೆಗಿನ ನಾಲ್ಕು ವರ್ಷವೇ ಒಲಿಂಪಿಯಾಡ್.

ಇನ್ನು ನಿಯಮಗಳ ಮಾತು. ಒಲಿಂಪಿಯಾದ ತೀರ್ಪುಗಾರರಿಗೆ ಹೆಲ್ಲನೊಡಿಕಾಯ್ ಎಂದು ಹೆಸರು. ಎಲಿಸ್‌ನ ನಾಗರಿಕರಿಂದ ಆಯ್ಕೆಯಾದ ಇವರು ಹತ್ತು ತಿಂಗಳು ಕುಳಿತು ನಿಯಮಗಳನ್ನು ಕಲಿಯಬೇಕಿತ್ತು. ಆಟಗಾರರು ಕೂಟಕ್ಕೆ ಒಂದು ತಿಂಗಳು ಮೊದಲೇ ಎಲಿಸ್‌ಗೆ ಬಂದು ಇವರ ಕಣ್ಣೆದುರಿನಲ್ಲಿ ಅಭ್ಯಾಸ ಮಾಡಬೇಕಿತ್ತು. ಆಮೇಲೆ ಕೈಯಲ್ಲಿ ಸಿಡಿಲು ಹಿಡಿದ ಜ್ಯೂಸ್ ಮೂರ್ತಿಯ ಮುಂದೆ, ಕಡಿದ ಹಂದಿಮಾಂಸದ ಮೇಲೆ ಆಣೆ. ಆಟಗಾರನೊಬ್ಬನೇ ಅಲ್ಲ, ಅವನ ತಂದೆ, ಅಣ್ಣತಮ್ಮಂದಿರು, ತರಬೇತುದಾರ ಎಲ್ಲರೂ ಮೋಸ ಮಾಡುವುದಿಲ್ಲವೆಂದು ಪ್ರಮಾಣ ಮಾಡಬೇಕಿತ್ತು. ಆಧುನಿಕ ಒಲಿಂಪಿಕ್ಸ್‌ನಲ್ಲಿ ಆಟಗಾರರ ಪ್ರತಿಜ್ಞೆ ಶುರುವಾದದ್ದು 1920ರಲ್ಲಿ. ಕೋಚ್‌ಗಳಿಂದಲೂ ಪ್ರತಿಜ್ಞೆ ಮಾಡಿಸಬೇಕು ಎಂದು ಹೊಳೆಯುವ ಹೊತ್ತಿಗೆ 2012 ಬಂದಿತ್ತು. ಎಲಿಸ್‌ನವರಿಗೆ ಮನುಷ್ಯಸ್ವಭಾವ ಬೇಗ ಅರ್ಥವಾಗಿತ್ತು ಎನ್ನಬೇಕು.

ಹುಡುಗರಿಗೆ ಬೇರೆ, ಗಂಡಸರಿಗೆ ಬೇರೆ ಸ್ಪರ್ಧೆ. ಜನನ ಪ್ರಮಾಣಪತ್ರ ಎಂಬುದಿಲ್ಲದ ಕಾಲ. ಯಾರು ಹುಡುಗ ಎಂಬುದನ್ನು ತೀರ್ಪುಗಾರರೇ ನೋಡಿ ನಿರ್ಧರಿಸಬೇಕು. ಇದಕ್ಕಾಗಿ ಅವರು ಪ್ರತ್ಯೇಕ ಆಣೆ ಇಡುತ್ತಿದ್ದರು: ಲಂಚ ತೆಗೆದುಕೊಳ್ಳುವುದಿಲ್ಲ, ನಿರ್ಧಾರದ ಕಾರಣವನ್ನು ಹೊರಗೆ ಹೇಳುವುದಿಲ್ಲ ಎಂದು. ವಯಸ್ಸು ಬಚ್ಚಿಡುವ ಚಾಳಿಯಿಂದ ನಮ್ಮ ಕಿರಿಯರ ಪಂದ್ಯಾವಳಿಗಳು ಪಡುತ್ತಿರುವ ಪಾಡು ಬಲ್ಲವರಿಗೆ ಆ ಆಣೆಯ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಕುಸ್ತಿಯಲ್ಲಿ ತೂಕದ ವರ್ಗಗಳಿರಲಿಲ್ಲ. ಬೆಳ್ಳಿಯ ಪಾತ್ರೆಯಿಂದ ಅಕ್ಷರ ಬರೆದ ಚೀಟಿಯಂಥ ಬಿಲ್ಲೆಗಳನ್ನು ಎತ್ತಿ, ಒಂದೇ ಅಕ್ಷರ ಬಂದವರನ್ನು ಜೋಡಿ ಮಾಡುತ್ತಿದ್ದರು. ಸಂಖ್ಯೆ ಬೆಸವಾದರೆ ಜೋಡಿಯಿಲ್ಲದವನಿಗೆ ಆ ಸುತ್ತು ಬಿಡುವು. ಇಂದಿನ ಡ್ರಾ, ಬೈ ಎರಡೂ ಅಲ್ಲಿ ಆಗಲೇ ಇದ್ದವು.

ಓಟದ ಆರಂಭಕ್ಕಂತೂ ಅವರು ಕೊಟ್ಟ ಗಮನ ಬೆರಗು ಹುಟ್ಟಿಸುತ್ತದೆ. ಸಾಲಾಗಿ ಹಾಸಿದ ಕಲ್ಲಿನ ಪಟ್ಟಿಯಲ್ಲಿ ಕಾಲ್ಬೆರಳು ಊರಲು ಗೀರುಗಳು. ಇಸ್ತ್ಮಿಯಾದ ಅಗೆತದಲ್ಲಿ ಇನ್ನೂ ಸೋಜಿಗದ ಏರ್ಪಾಡು ಸಿಕ್ಕಿದೆ. ಓಟಗಾರರ ಹಿಂದೆ ಒಂದು ಗುಂಡಿ, ಅದರಲ್ಲಿ ನಿಂತವನ ಕೈಯಲ್ಲಿ ಎಲ್ಲ ಓಟಗಾರರ ಮುಂದಿನ ಅಡ್ಡಗೋಲುಗಳಿಗೂ ಕಟ್ಟಿದ ದಾರಗಳು. ಅವನು ದಾರ ಬಿಟ್ಟೊಡನೆ ಅಡ್ಡಗೋಲುಗಳೆಲ್ಲ ಒಟ್ಟಿಗೆ ಬೀಳುತ್ತಿದ್ದವು. ಮೊದಲೇ ಹೊರಟವನಿಗೆ ಕೋಲಿನ ಏಟು. 2011ರ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಒಂದೇ ಒಂದು ತಪ್ಪು ಆರಂಭಕ್ಕೆ ಉಸೇನ್ ಬೋಲ್ಟ್ ಹೊರನಡೆಯಬೇಕಾಯಿತು. ಶಿಕ್ಷೆ ಬದಲಾಗಿದೆ, ಅದರ ಹಿಂದಿನ ತರ್ಕ ಹಾಗೆಯೇ ಇದೆ.

ಇಷ್ಟೆಲ್ಲ ಇದ್ದೂ ಮೋಸ ನಿಲ್ಲಲಿಲ್ಲ. ಒಲಿಂಪಿಯಾದಲ್ಲಿ ಕ್ರೀಡಾಂಗಣಕ್ಕೆ ಹೋಗುವ ದಾರಿಯ ಎಡಕ್ಕೆ ಇಂದಿಗೂ ಕಲ್ಲಿನ ಪೀಠಗಳ ಸಾಲು ಕಾಣುತ್ತದೆ. ಒಮ್ಮೆ ಅವುಗಳ ಮೇಲೆ ಜ್ಯೂಸ್‌ನ ಕಂಚಿನ ಮೂರ್ತಿಗಳಿದ್ದವು. ಅವನ್ನು ಮಾಡಿಸಿದ್ದು ಮೋಸಗಾರರ ದಂಡದ ಹಣದಿಂದ. ಮೊದಲ ಆರು ಮೂರ್ತಿಗಳು ಕ್ರಿ.ಪೂ. 388ರವು: ಥೆಸ್ಸಲಿಯ ಯುಪೋಲಸ್ ಎಂಬ ಮುಷ್ಟಿಕಾಳಗದವನು ಮೂವರು ಎದುರಾಳಿಗಳಿಗೆ ಹಣ ಕೊಟ್ಟು ಗೆದ್ದಿದ್ದ. ಕ್ರಿ.ಪೂ. 332ರಲ್ಲಿ ಅಥೆನ್ಸ್‌ನ ಕ್ಯಾಲಿಪಸ್ ಪೆಂಟಾಥ್ಲಾನ್‌ನಲ್ಲಿ ಇದೇ ಕೆಲಸ ಮಾಡಿ ಸಿಕ್ಕಿಬಿದ್ದ. ದಂಡ ಮನ್ನಾ ಮಾಡಿಸಲು ಅಥೆನ್ಸ್ ತನ್ನ ಹೆಸರಾಂತ ವಾಗ್ಮಿ ಹೈಪರೈಡಿಸ್‌ನನ್ನೇ ಎಲಿಸ್‌ಗೆ ಕಳುಹಿಸಿತು. ಎಲಿಸ್ ಒಪ್ಪಲಿಲ್ಲ. ಅಥೆನ್ಸ್ ಕೂಟವನ್ನೇ ಬಹಿಷ್ಕರಿಸಿತು. ಕೊನೆಗೆ ಡೆಲ್ಫಿಯ ದೇವವಾಣಿ, ದಂಡ ಕಟ್ಟುವವರೆಗೂ ಅಥೆನ್ಸ್‌ನವರ ಯಾವ ಪ್ರಶ್ನೆಗೂ ಉತ್ತರವಿಲ್ಲ ಎಂದಿತು. ಅಥೆನ್ಸ್ ಹಣ ಕಟ್ಟಿತು. ಕಣಕ್ಕಿಳಿಯುವ ಪ್ರತಿಯೊಬ್ಬನೂ ಈ ಮೂರ್ತಿಗಳ ಮುಂದೆಯೇ ನಡೆದುಹೋಗಬೇಕಿತ್ತು.

ದೇಶ ಬದಲಾಯಿಸುವ ಆಟಗಾರರೂ ಹೊಸಬರಲ್ಲ. ದಕ್ಷಿಣ ಇಟಲಿಯ ಕ್ರೋಟನ್‌ನ ಆಸ್ಟಿಲಸ್ ತನ್ನೂರಿಗೆ ಓಟಗಳನ್ನು ಗೆದ್ದುಕೊಟ್ಟ ಮೇಲೆ, ಸಿರಾಕ್ಯೂಸ್‌ನ ಪ್ರಭುವನ್ನು ಮೆಚ್ಚಿಸಲು ಮುಂದಿನ ಕೂಟಗಳಲ್ಲಿ ತಾನು ಸಿರಾಕ್ಯೂಸ್‌ನವನೆಂದು ಘೋಷಿಸಿಕೊಂಡ. ಕ್ರೋಟನ್‌ನ ಜನ ಅವನ ಪ್ರತಿಮೆಯನ್ನು ಕೆಡವಿದರು, ಮನೆಯನ್ನು ಸೆರೆಮನೆ ಮಾಡಿದರು. ಇಂದು ದೇಶ ಬದಲಿಸಿದವರು ಒಲಿಂಪಿಕ್ಸ್‌ನಲ್ಲಿ ಹೊಸ ದೇಶದ ಪರ ಆಡಲು ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ಮನೆಯಂತೂ ಉಳಿಯುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ ಸಾಕ್ಷಿ ಈಜಿಪ್ಟಿನದು. ಗ್ರೀಕ್ ಮಾದರಿಯ ಕ್ರೀಡೋತ್ಸವಗಳು ರೋಮ್ ಸಾಮ್ರಾಜ್ಯದುದ್ದಕ್ಕೂ ಹರಡಿದ್ದ ಕಾಲ. ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಬರೆದ ಕ್ರಿ.ಶ. 267ರ ಒಂದು ಕರಾರು 2014ರಲ್ಲಿ ಪ್ರಕಟವಾಯಿತು. ಹುಡುಗರ ಕುಸ್ತಿಯ ಫೈನಲ್‌ಗೆ ಬಂದಿದ್ದ ಇಬ್ಬರಲ್ಲಿ ಡಿಮೆಟ್ರಿಯಸ್ ಎಂಬವನು ಬೇಕೆಂದೇ ಬಿದ್ದು ಸೋಲಬೇಕು, ಅದಕ್ಕೆ ಅವನಿಗೆ 3,800 ಡ್ರಾಕ್ಮ ನಾಣ್ಯ ಸಲ್ಲಬೇಕು ಎಂದು ಅದರಲ್ಲಿ ಬರೆದಿದೆ. ಮಾತಿಗೆ ತಪ್ಪಿದರೆ ಡಿಮೆಟ್ರಿಯಸ್‌ನ ಕಡೆಯವರು ಭಾರಿ ದಂಡ ತೆರಬೇಕು. ಇಂಥ ಕರಾರನ್ನು ಹಿಡಿದು ಅವರು ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆಂದಿದ್ದರೋ! ಮ್ಯಾಚ್ ಫಿಕ್ಸಿಂಗ್‌ಗೆ ಲಿಖಿತ ಒಪ್ಪಂದ ಮಾಡಿಕೊಳ್ಳುವಷ್ಟು ಆ ಲೋಕ ಪಳಗಿತ್ತು ಎಂಬುದಂತೂ ಸ್ಪಷ್ಟ.

ಹಣದ ವಿಷಯಕ್ಕೆ ಬಂದರೆ, ಆಲಿವ್ ಎಲೆಯ ಕಿರೀಟವೊಂದಕ್ಕೇ ತೃಪ್ತನಾದ ಗ್ರೀಕ್ ಆಟಗಾರನ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚಾಗಿದೆ. ಒಲಿಂಪಿಯಾದಲ್ಲಿ ಸಿಗುತ್ತಿದ್ದುದು ಎಲೆಯ ಕಿರೀಟವೇ, ಸುಳ್ಳಲ್ಲ. ಆದರೆ ಊರಿಗೆ ಮರಳಿದ ಮೇಲೆ? ಅಥೆನ್ಸ್‌ನ ಶಾಸನಕರ್ತ ಸೋಲೋನ್ ಒಲಿಂಪಿಕ್ ವಿಜೇತನಿಗೆ 500 ಡ್ರಾಕ್ಮ ಗೊತ್ತುಮಾಡಿದ್ದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಅದೇ ಲೆಕ್ಕದಲ್ಲಿ ಒಂದು ಕುರಿಯ ಬೆಲೆ ಒಂದು ಡ್ರಾಕ್ಮ. ಜೊತೆಗೆ ಸರ್ಕಾರಿ ಭೋಜನಶಾಲೆಯಲ್ಲಿ ಜೀವನಪರ್ಯಂತ ಊಟ. ಮರಣದಂಡನೆಯ ಬದಲು ನಿಮಗೆ ಏನು ಶಿಕ್ಷೆ ಬೇಕು ಎಂದಾಗ ಸಾಕ್ರಟೀಸ್ ಕೇಳಿದ್ದು ಈ ಊಟವನ್ನೇ, ಒಲಿಂಪಿಕ್ ವಿಜೇತರಿಗಿಂತ ಅದು ತನಗೇ ಹೆಚ್ಚು ಸಲ್ಲಬೇಕೆಂದು. ಅಥೆನ್ಸ್‌ನದೇ ಪ್ಯಾನಥೆನಾಯಿಕ್ ಉತ್ಸವದಲ್ಲಿ ನೇರವಾಗಿ ಬಹುಮಾನ ಕೊಡುತ್ತಿದ್ದರು. ಕ್ರಿ.ಪೂ. 4ನೇ ಶತಮಾನದ ಶಾಸನವೊಂದರ ಪ್ರಕಾರ ಹುಡುಗರ ಓಟದ ವಿಜೇತನಿಗೆ 50 ಹೂಜಿ ಆಲಿವ್ ಎಣ್ಣೆ. ಒಂದೊಂದರಲ್ಲೂ ನಲವತ್ತು ಲೀಟರಿನಷ್ಟು. ಅಷ್ಟು ಎಣ್ಣೆಯನ್ನು ಯಾವ ಹುಡುಗನೂ ಮೈಗೆ ಸವರಿಕೊಳ್ಳಲಾರ. ಅದು ಮಾರಾಟದ ಸರಕು. ಪದಕ ಗೆದ್ದವರಿಗೆ ನಗದು, ನಿವೇಶನ, ನೌಕರಿ ಘೋಷಿಸುವ ನಮ್ಮ ರಾಜ್ಯ ಸರ್ಕಾರಗಳು ತಿಳಿಯದೆಯೇ ಸೋಲೋನನ ದಾರಿಯಲ್ಲಿವೆ. ತೋಳ್ಬಲಕ್ಕೆ ಇಷ್ಟೊಂದು ಮನ್ನಣೆಯೇ ಎಂದು ಕವಿ ಝೆನೋಫನೀಸ್ ಆಗಲೇ ಗೊಣಗಿದ್ದ. ಆ ಗೊಣಗಾಟವೂ ನಿಂತಿಲ್ಲ.

ಹೆಂಗಸರ ಪಾಲು ಕಡಿಮೆ. ಮದುವೆಯಾದವರಿಗೆ ಒಲಿಂಪಿಕ್ ಕೂಟಕ್ಕೆ ಪ್ರವೇಶವೇ ಇರಲಿಲ್ಲ, ಡಿಮೀಟರ್ ದೇವಿಯ ಪೂಜಾರಿಣಿಯೊಬ್ಬಳನ್ನು ಬಿಟ್ಟು. ಅವಿವಾಹಿತ ಹುಡುಗಿಯರಿಗೆ ಹೇರಾ ದೇವಿಯ ಹೆಸರಿನಲ್ಲಿ ಅದೇ ಕ್ರೀಡಾಂಗಣದಲ್ಲಿ ಬೇರೆಯೇ ಓಟ ನಡೆಯುತ್ತಿತ್ತು, ದೂರ ಆರನೇ ಒಂದು ಭಾಗ ಕಡಿಮೆ. ರಥದ ಓಟದಲ್ಲಿ ಕಿರೀಟ ಸಾರಥಿಗಲ್ಲ, ಕುದುರೆಗಳ ಒಡೆಯನಿಗೆ ಎಂಬ ನಿಯಮದ ಸಂದಿಯಿಂದ ಸ್ಪಾರ್ಟಾದ ರಾಜಕುಮಾರಿ ಕಿನಿಸ್ಕಾ ಕ್ರಿ.ಪೂ. 396 ಮತ್ತು 392ರಲ್ಲಿ ವಿಜೇತೆಯಾದಳು. ಇಡೀ ಗ್ರೀಸಿನಲ್ಲಿ ಈ ಕಿರೀಟ ಪಡೆದ ಹೆಣ್ಣು ತಾನೊಬ್ಬಳೇ ಎಂದು ಒಲಿಂಪಿಯಾದಲ್ಲೇ ಕೆತ್ತಿಸಿಟ್ಟಳು.

ಒಲಿಂಪಿಕ್ ಕದನವಿರಾಮದ ಬಗ್ಗೆಯೂ ಅತಿಯಾದ ಕಲ್ಪನೆ ಬೇಡ. ಅದು ಯುದ್ಧಗಳನ್ನು ನಿಲ್ಲಿಸುತ್ತಿರಲಿಲ್ಲ. ಆಟಗಾರರು, ಯಾತ್ರಿಕರು ಸುರಕ್ಷಿತವಾಗಿ ಹೋಗಿಬರಲು ದಾರಿ ಬಿಡಿಸುತ್ತಿತ್ತು. ಕ್ರಿ.ಪೂ. 420ರಲ್ಲಿ ಅದನ್ನು ಮುರಿದ ಆರೋಪದ ಮೇಲೆ ಸ್ಪಾರ್ಟಾಕ್ಕೆ ದಂಡ ಹಾಕಿ ಕೂಟದಿಂದ ಹೊರಗಿಟ್ಟರು. ಕ್ರಿ.ಪೂ. 364ರಲ್ಲಂತೂ ಪೆಂಟಾಥ್ಲಾನ್ ನಡೆಯುತ್ತಿದ್ದಾಗಲೇ ಕ್ಷೇತ್ರದ ಒಳಗೆ ಕಾಳಗ ಆಯಿತು.

ಕ್ರಿ.ಶ. 4ನೇ ಶತಮಾನದ ಕೊನೆಯಲ್ಲಿ ರೋಮ್ ಸಾಮ್ರಾಟ ಥಿಯೊಡೋಸಿಯಸ್ ಕ್ರೈಸ್ತೇತರ ಪೂಜೆ-ಬಲಿಗಳನ್ನು ನಿಷೇಧಿಸಿದ. ದೇವರೇ ಇಲ್ಲದ ಮೇಲೆ ಉತ್ಸವವೆಲ್ಲಿ? 6ನೇ ಶತಮಾನದ ಭೂಕಂಪಗಳು ಜ್ಯೂಸ್‌ನ ದೇಗುಲವನ್ನು ಉರುಳಿಸಿದವು, ನದಿಗಳ ಹೂಳು ಎಲ್ಲವನ್ನೂ ಮುಚ್ಚಿತು. 1766ರಲ್ಲಿ ಇಂಗ್ಲೆಂಡಿನ ರಿಚರ್ಡ್ ಚಾಂಡ್ಲರ್ ಜಾಗವನ್ನು ಗುರುತಿಸಿದರು; 1875ರಿಂದ ಜರ್ಮನರು ಅಗೆದರು. ಮಣ್ಣಿನಿಂದ ಒಲಿಂಪಿಯಾ ಮೇಲೇಳುತ್ತಿದ್ದ ಈ ಕಾಲದಲ್ಲೇ ಯುರೋಪಿನ ಶಾಲೆಗಳಲ್ಲಿ ವ್ಯಾಯಾಮ, ಸಂಘಟಿತ ಆಟ ಬೇರೂರುತ್ತಿದ್ದವು. ಎರಡೂ ಕೂಡಿದ್ದು ಕೂಬರ್ಟಿನ್ ತಲೆಯಲ್ಲಿ ಎನ್ನುವುದು ಅರ್ಧ ಸತ್ಯ. ಅವರಿಗಿಂತ ಮೊದಲೇ ಇಂಗ್ಲೆಂಡಿನ ಮಚ್ ವೆನ್ಲಾಕ್ ಎಂಬ ಊರಿನಲ್ಲಿ ವೈದ್ಯ ವಿಲಿಯಂ ಪೆನ್ನಿ ಬ್ರೂಕ್ಸ್ 1850ರಿಂದ ಒಲಿಂಪಿಕ್ ಹೆಸರಿನ ಕೂಟ ನಡೆಸುತ್ತಿದ್ದರು. ಅಥೆನ್ಸ್‌ನಲ್ಲಿ ಶ್ರೀಮಂತ ವ್ಯಾಪಾರಿ ಇವಾಂಗೆಲೋಸ್ ಝಪ್ಪಾಸ್ ಕೊಟ್ಟ ಹಣದಿಂದ 1859ರಲ್ಲೇ ಒಲಿಂಪಿಕ್ಸ್ ನಡೆದಿತ್ತು. ಕೂಬರ್ಟಿನ್ ತಂದದ್ದು ಸಂಘಟನಾ ಚಾತುರ್ಯ. 1894ರ ಜೂನ್‌ನಲ್ಲಿ ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಕರೆದು, ಡೆಲ್ಫಿಯ ಅಗೆತದಲ್ಲಿ ಆಗಷ್ಟೇ ಸಿಕ್ಕಿದ್ದ ಅಪೊಲೊ ಸ್ತುತಿಯನ್ನು ಗೇಬ್ರಿಯಲ್ ಫೊರೆ ಅವರ ಸಂಗೀತದೊಂದಿಗೆ ಹಾಡಿಸಿದರು. ಎರಡು ಸಾವಿರ ವರ್ಷ ಹಳೆಯ ಹಾಡು ಕೇಳಿ ಮೈಮರೆತ ಸಭೆ ಒಲಿಂಪಿಕ್ಸ್ ಪುನರಾರಂಭಕ್ಕೆ ಒಪ್ಪಿತು.

ಕೆಲವು ‘ಪ್ರಾಚೀನ’ ಸಂಪ್ರದಾಯಗಳು ಹುಟ್ಟಿದ್ದು ಈ ನಂತರವೇ. ಮ್ಯಾರಥಾನ್ ಓಟ ಫ್ರೆಂಚ್ ಭಾಷಾವಿಜ್ಞಾನಿ ಮಿಷೆಲ್ ಬ್ರಿಯಾಲ್ ಅವರ ಸಲಹೆ. ಪರ್ಷಿಯನ್ನರ ವಿರುದ್ಧದ ಮ್ಯಾರಥಾನ್ ಯುದ್ಧದ ಹೊತ್ತಿನಲ್ಲಿ, ಗ್ರೀಕ್ ಇತಿಹಾಸಕಾರ ಹೆರೋಡೊಟಸ್ ಹೇಳುವ ದೂತ ಫೈಡಿಪಿಡಿಸ್ ಓಡಿದ್ದು ಸಹಾಯ ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ, ಸುಮಾರು 240 ಕಿಲೊಮೀಟರ್. ಗೆಲುವಿನ ಸುದ್ದಿ ಹೇಳಿ ಪ್ರಾಣಬಿಟ್ಟ ದೂತನ ಕಥೆ ಕಾಣಿಸಿಕೊಳ್ಳುವುದು ಆ ಯುದ್ಧದ ಎಷ್ಟೋ ಶತಮಾನಗಳ ಬಳಿಕದ ಬರಹಗಳಲ್ಲಿ. 1896ರಲ್ಲಿ ಗ್ರೀಸಿನ ಸ್ಪಿರಿಡನ್ ಲೂಯಿಸ್ ಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದಾಗ ದೂರ 40 ಕಿಲೊಮೀಟರಿನಷ್ಟಿತ್ತು, ಈಗಿನ 42.195 ಕಿಲೊಮೀಟರ್ 1908ರ ಲಂಡನ್ ಕೂಟದ ದಾರಿಯ ಅಳತೆ. ಆಮೇಲಿನ 1920ರ ಆಂಟ್‌ವರ್ಪ್ ಕೂಟದ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಪಿ.ಡಿ. ಚೌಗುಲೆ ಓಡಿ 19ನೆಯವರಾಗಿ ಮುಗಿಸಿದರು. ಕರ್ನಾಟಕ ಮತ್ತು ಒಲಿಂಪಿಕ್ಸ್ ನಂಟಿನ ಈ ಮೊದಲ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಕಾಣಿಸಬೇಕಿತ್ತು. ಜ್ಯೋತಿಯದೂ ಇಂಥದೇ ಕಥೆ: ಅಥೆನ್ಸ್‌ನಲ್ಲಿ ಪಂಜಿನ ಓಟಗಳಿದ್ದವು, ಒಲಿಂಪಿಯಾದಿಂದ ಆತಿಥೇಯ ನಗರಕ್ಕೆ ಬೆಂಕಿ ಒಯ್ಯುವ ಕಲ್ಪನೆ 1936ರ ಬರ್ಲಿನ್ ಕೂಟದ ಸಂಘಟಕ ಕಾರ್ಲ್ ಡೀಮ್ ಅವರದು. ನಾತ್ಸಿ ಆಡಳಿತಕ್ಕೆ ಅದು ಒಳ್ಳೆಯ ಪ್ರಚಾರವಾಯಿತು.

ದಾಖಲೆ ಎಂಬುದೂ ನಮ್ಮ ಕಾಲದ್ದೇ. ಗ್ರೀಕರ ಬಳಿ ಓಟದ ಸಮಯ ಅಳೆಯುವಂಥ ಗಡಿಯಾರವಿರಲಿಲ್ಲ. ಒಲಿಂಪಿಯಾದ ಓಟ 192 ಮೀಟರ್ ಆದರೆ ಡೆಲ್ಫಿಯದು ಸುಮಾರು 177. ಹೋಲಿಸುವುದಾದರೂ ಏನನ್ನು? ಎರಡನೆಯವನ ಹೆಸರನ್ನೂ ಅವರು ಬರೆದಿಡುತ್ತಿರಲಿಲ್ಲ. ಮೂರು ಲೋಹದ ಪದಕಗಳು ಬಂದದ್ದು 1904ರಲ್ಲಿ. ಅವರು ಎಣಿಸುತ್ತಿದ್ದುದು ಗೆಲುವುಗಳನ್ನು. ರೋಡ್ಸ್‌ನ ಲಿಯೊನಿಡಾಸ್ ಕ್ರಿ.ಪೂ. 164ರಿಂದ 152ರವರೆಗೆ ನಾಲ್ಕು ಕೂಟಗಳಲ್ಲಿ ಮೂರು ಮೂರು ಓಟ ಗೆದ್ದ, ಒಟ್ಟು ಹನ್ನೆರಡು. 2016ರಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ತಮ್ಮ 13ನೇ ವೈಯಕ್ತಿಕ ಚಿನ್ನ ಗೆದ್ದಾಗ ಆ ಲೆಕ್ಕ ಹಿಂದೆ ಬಿತ್ತು.

ಈ ‘ಪ್ರಾಚೀನ’ ಸಂಪ್ರದಾಯಗಳಲ್ಲಿ ನಿಜಕ್ಕೂ ಜನರ ಬದುಕು ಕೆಡಿಸಿದ್ದು ಹವ್ಯಾಸಿ ಆಟಗಾರನ ಕಟ್ಟುಕಥೆ. ಅದರ ಮೂಲ ಇಂಗ್ಲೆಂಡಿನ ವರ್ಗಭೇದದಲ್ಲಿದೆ. 1866ರಲ್ಲಿ ಲಂಡನ್ನಿನ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಹಣಕ್ಕೆ ಆಡಿದವರನ್ನಷ್ಟೇ ಅಲ್ಲ, ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಹೊರಗಿಟ್ಟಿತು. ಅಥೆನ್ಸ್‌ನ ಝಪ್ಪಾಸ್ ಕೂಟದಲ್ಲೂ 1870ರಲ್ಲಿ ದುಡಿಯುವ ಜನ ಗೆದ್ದದ್ದು ಮೇಲ್ವರ್ಗದವರಿಗೆ ಹಿಡಿಸಲಿಲ್ಲ. 1875ರ ಕೂಟ ವಿದ್ಯಾರ್ಥಿಗಳಿಗೆ ಮೀಸಲಾಯಿತು. ಈ ಪದ್ಧತಿಗೆ ಗೌರವದ ಹೊದಿಕೆ ಬೇಕಿತ್ತು, ಗ್ರೀಕರ ಎಲೆಯ ಕಿರೀಟ ಸಿಕ್ಕಿತು. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ ಹತ್ತು ಸ್ಪರ್ಧೆಗಳ ಡೆಕಾಥ್ಲಾನನ್ನೂ, ಗ್ರೀಕರ ಮಾದರಿಯಲ್ಲಿ ಕುಸ್ತಿಯ ಬದಲು 1500 ಮೀಟರ್ ಓಟ ಸೇರಿಸಿದ್ದ ಪೆಂಟಾಥ್ಲಾನನ್ನೂ ಗೆದ್ದರು. ಹಿಂದೆ ಚಿಲ್ಲರೆ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ 1913ರಲ್ಲಿ ಎರಡೂ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಥಾರ್ಪ್ 1953ರಲ್ಲಿ ತೀರಿಕೊಂಡರು. ಅವರೊಬ್ಬರೇ ವಿಜೇತರೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮತ್ತೆ ಒಪ್ಪಿದ್ದು 2022ರಲ್ಲಿ. ಅದಾದ ಎರಡೇ ವರ್ಷಕ್ಕೆ, ಪ್ಯಾರಿಸ್ ಕೂಟದಲ್ಲಿ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಪ್ರತಿ ಚಿನ್ನಕ್ಕೂ 50,000 ಡಾಲರ್ ನಗದು ಕೊಟ್ಟಿತು.